870 ಸೆಂಟಿಮಾರ್ಗನ್ ಹೊಂದಿಕೆ, ಆದರೆ ಅಂಥ ಕಸಿನ್ ಯಾರೂ ಇಲ್ಲ

ಡಿಎನ್‌ಎ ಟೆಸ್ಟ್ ಸೈಟಿನಲ್ಲಿ ಒಬ್ಬ ಅಪರಿಚಿತರ ಜೊತೆ ನಿಮಗೆ 870 ಸೆಂಟಿಮಾರ್ಗನ್ (ಇಬ್ಬರಲ್ಲೂ ಒಂದೇ ಆಗಿರುವ ಡಿಎನ್‌ಎಯ ಅಳತೆ) ಹೊಂದಿಕೆ ಬಂದಿದೆ, ಆದರೆ ಅಂಥ ಕಸಿನ್ ಯಾರೂ ಇಲ್ಲ ಅಂದಿರಿ. ಸೈಟು ತೋರಿಸಿದ 'ಫಸ್ಟ್ ಕಸಿನ್' (ಅಪ್ಪ ಅಥವಾ ಅಮ್ಮನ ಒಡಹುಟ್ಟಿದವರ ಮಗ/ಮಗಳು) ಅನ್ನೋದು ಬರೀ ಅಂದಾಜು. ಬಹುಶಃ ಗೊಂದಲ ಅಲ್ಲೇ ಇದೆ. 870 ಸೆಂಟಿಮಾರ್ಗನ್ ನಿಮ್ಮ ಅಜ್ಜನ ತಮ್ಮನಿಗೂ ಹೊಂದುತ್ತದೆ, ತಂದೆಯ ಮಲತಮ್ಮನಿಗೂ (ಅಪ್ಪ ಅಥವಾ ಅಮ್ಮ ಒಬ್ಬರು ಮಾತ್ರ ಒಂದೇ ಆಗಿರುವ ತಮ್ಮ) ಹೊಂದುತ್ತದೆ. ಸಂಖ್ಯೆಯೊಂದರಿಂದಲೇ ಇದು ತೀರ್ಮಾನ ಆಗಲ್ಲ.

ಮೊದಲು ಆ ಅಪರಿಚಿತರ ವಯಸ್ಸು ಕೇಳಿ. ತಲೆಮಾರಿನ ಸುಳಿವು ಸಿಗುತ್ತದೆ. ಆಮೇಲೆ ಸೈಟಿನಲ್ಲಿ ನಿಮ್ಮಿಬ್ಬರಿಗೂ ಹೊಂದುವವರ ಪಟ್ಟಿ ತೆರೆಯಿರಿ. ಅದರಲ್ಲಿ ನಿಮ್ಮ ತಾಯಿ ಕಡೆಯ ಗುರುತಿನವರು ಇದ್ದರೆ ಕೊಂಡಿ ಬಹುತೇಕ ಆ ಕಡೆಯದೇ. ಯಾರೂ ಇಲ್ಲ ಅಂದರೆ ತಂದೆ ಕಡೆಯದು ಅಂತ ಸುಮ್ನೆ ನಿರ್ಧರಿಸಬೇಡಿ. ತಾಯಿ ಕಡೆಯವರು ಟೆಸ್ಟ್ ಮಾಡಿಸದೇ ಇರಬಹುದು, ಅಲ್ವಾ? ತಾಯಿ ಒಪ್ಪಿದರೆ ಅವರದೇ ಟೆಸ್ಟ್ ಮಾಡಿಸಿ. ಬೇರೆಲ್ಲದಕ್ಕಿಂತ ಅದು ಜಾಸ್ತಿ ಖಚಿತ.

ಅಪರಿಚಿತರಿಗೆ ಮೊದಲ ಮೆಸೇಜಿನಲ್ಲೇ ಅವರ ತಂದೆ ಯಾರು ಅಂತ ಕೇಳಬೇಡಿ. ಅವರಿಗೇ ಗೊತ್ತಿಲ್ಲದಿರಬಹುದು. ಅಜ್ಜ-ಅಜ್ಜಿಯರ ಊರು ಕೇಳಿ ಶುರು ಮಾಡಿ.