ಅಕ್ಕನ ಮಗಳು ಈಗ ನನ್ನ ಮನೆಯಲ್ಲಿದ್ದಾಳೆ, ಆದರೆ ಏನನ್ನೂ ಕೇಳುವುದಿಲ್ಲ

ಪ್ರಶ್ನೆ: ನನಗೆ 38 ವರ್ಷ, ಮದುವೆಯಾಗಿಲ್ಲ. ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಮಾಡುವ ಕಂಪನಿಯೊಂದರಲ್ಲಿ ತಂಡದ ಮುಖ್ಯಸ್ಥನಾಗಿದ್ದೇನೆ. ಹದಿನೈದು ವರ್ಷಗಳಿಂದ ಕೆಲಸ ಬಿಟ್ಟು ಬೇರೆ ಯೋಚಿಸಿದವನಲ್ಲ. ಏಳು ತಿಂಗಳ ಹಿಂದೆ ಅಕ್ಕ, ಭಾವ ಇಬ್ಬರೂ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮದುವೆಯೊಂದಕ್ಕೆ ಹೋದವರು, ಸಾಗರದಲ್ಲಿ ಅಜ್ಜಿಯ ಬಳಿ ಬಿಟ್ಟಿದ್ದ ಮಗಳು ಫೋನಿನಲ್ಲಿ ಹಠ ಮಾಡಿದಳೆಂದು ರಾತ್ರಿಯೇ ಹೊರಟಿದ್ದರು. ಭಾವನ ತಾಯಿಗೆ 74 ವರ್ಷ, ಮಂಡಿ ನೋವು. ಹಾಗಾಗಿ ಮಗುವನ್ನು ನಾನು ಕರೆತಂದೆ. ಅವಳಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಊರಲ್ಲಿ ಕನ್ನಡ ಶಾಲೆ, ಇಲ್ಲಿ ಇಂಗ್ಲಿಷ್ ಶಾಲೆ. ಅವಳಿಂದ ಒಂದಿಷ್ಟೂ ತೊಂದರೆಯಿಲ್ಲ. ತಟ್ಟೆ ತಾನೇ ತೊಳೆಯುತ್ತಾಳೆ, ಬೆಳಗ್ಗೆ ಹಾಸಿಗೆ ಮಡಿಸಿಡುತ್ತಾಳೆ, ಇದುವರೆಗೆ ಒಂದು ಚಾಕೊಲೇಟನ್ನೂ ಕೇಳಿಲ್ಲ. ಊರಿಂದ ತಂದ ಬ್ಯಾಗಿನಿಂದ ಬಟ್ಟೆಯನ್ನೂ ಪೂರ್ತಿ ತೆಗೆದಿಟ್ಟಿಲ್ಲ. ಅಡುಗೆಗೆ ಬರುವ ಹಾಸನದ ಅಮ್ಮನ ಜೊತೆ ಮಾತ್ರ ಮಾತಾಡುತ್ತಾಳೆ. ದಿನಾ ರಾತ್ರಿ ಅಕ್ಕನ ಮೊಬೈಲನ್ನು ಚಾರ್ಜಿಗೆ ಹಾಕಿ ಮಲಗುತ್ತಾಳೆ. ನನಗೆ ಎರಡು ವರ್ಷಕ್ಕೆ ಮ್ಯೂನಿಕ್‌ಗೆ ಹೋಗುವ ಅವಕಾಶ ಬಂದಿದೆ. ಅವಳನ್ನು ಒಳ್ಳೆಯ ವಸತಿ ಶಾಲೆಗೆ ಸೇರಿಸುವುದು ಸರಿಯೇ? ತಾಯಿಯ ಜಾಗ ತುಂಬಲು ನನ್ನಂಥವನಿಂದ ಆಗುತ್ತದೆಯೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲಿಗೆ, ನಿಮ್ಮ ಅಕ್ಕ ಭಾವನ ಅಗಲಿಕೆಗೆ ನನ್ನ ಸಂತಾಪ. ಪತ್ರದ ತುಂಬ ಮಗುವಿನ ಚಿಂತೆಯಿದೆ. ಅಕ್ಕನನ್ನು ಕಳೆದುಕೊಂಡ ತಮ್ಮನ ಬಗ್ಗೆ ಒಂದು ವಾಕ್ಯವೂ ಇಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು 'ಅವಳಿಂದ ಒಂದಿಷ್ಟೂ ತೊಂದರೆಯಿಲ್ಲ' ಎಂಬುದು. ಒಂಬತ್ತು ವರ್ಷದ ಮಗು ಏಳು ತಿಂಗಳಲ್ಲಿ ಒಮ್ಮೆಯೂ ಹಠ ಮಾಡಿಲ್ಲ, ಏನನ್ನೂ ಬೇಡಿಲ್ಲ, ಮನೆಗೆ ಬಂದ ನೆಂಟರ ಹಾಗೆ ಹಾಸಿಗೆ ಮಡಿಸಿಡುತ್ತದೆ ಎಂದರೆ ಅದು ಹೊಂದಿಕೊಂಡಿದೆ ಎಂದು ತಿಳಿಯಬೇಡಿ. ತೊಂದರೆ ಕೊಟ್ಟರೆ ಇಲ್ಲಿಂದಲೂ ಕಳಿಸಿಬಿಟ್ಟಾರು ಎಂಬ ಭಯದಲ್ಲಿ ಅದು ಉಸಿರು ಬಿಗಿಹಿಡಿದು ಬದುಕುತ್ತಿರುವ ಸಾಧ್ಯತೆಯೇ ಹೆಚ್ಚು. ಖಾಲಿಯಾಗದ ಆ ಬ್ಯಾಗು ಹೇಳುತ್ತಿರುವುದೂ ಅದನ್ನೇ. ಮುಂದೆ ಒಂದು ದಿನ ಅವಳು ಬಾಗಿಲು ಬಡಿದು, ಊಟ ಬೇಡವೆಂದು ರಂಪ ಮಾಡಿದರೆ ದಯವಿಟ್ಟು ಗಾಬರಿಯಾಗಬೇಡಿ. ಈ ಮನೆಯಲ್ಲಿ ಸಿಟ್ಟು ಮಾಡಬಹುದು ಎಂಬ ಧೈರ್ಯ ಬಂದಿದೆ ಎಂದು ತಿಳಿಯಿರಿ.

ಇನ್ನೊಂದು ಮಾತನ್ನು ನೀವು ಸಹಜವಾಗಿ ಬರೆದು ಮುಂದೆ ಹೋಗಿದ್ದೀರಿ, ನನಗೆ ಹಾಗೆ ದಾಟಲಾಗಲಿಲ್ಲ. ಮಗಳು ಫೋನಿನಲ್ಲಿ ಹಠ ಮಾಡಿದಳೆಂದು ಅವರು ರಾತ್ರಿಯೇ ಹೊರಟರು ಎಂಬ ಮಾತು ಮನೆಯಲ್ಲಿ ಯಾರ ಯಾರ ಬಾಯಲ್ಲಿ ಬಂದಿದೆ? ಹನ್ನೊಂದನೇ ದಿನ, ಹದಿಮೂರನೇ ದಿನ ಕೂಡಿದ ನೆಂಟರಲ್ಲಿ ಯಾರಾದರೂ ಅದನ್ನು ಆಡಿದ್ದರೆ ಅದು ಮಗುವಿನ ಕಿವಿಗೆ ಬಿದ್ದಿರುತ್ತದೆ. ಯಾರೂ ಆಡದಿದ್ದರೂ ಅವಳಿಗೆ ಅದು ಗೊತ್ತೇ ಇದೆ, ಏಕೆಂದರೆ ಫೋನ್ ಮಾಡಿದವಳು ಅವಳೇ. ಸತ್ತವರು ಮರಳಿ ಬರುವುದಿಲ್ಲ ಎಂಬುದು ಎಂಟೊಂಬತ್ತು ವರ್ಷದ ಹೆಚ್ಚಿನ ಮಕ್ಕಳಿಗೆ ಅರ್ಥವಾಗಿರುತ್ತದೆ. ಆದರೆ ತನ್ನ ಸಿಟ್ಟಿನಿಂದಲೋ ಮಾತಿನಿಂದಲೋ ಅದು ನಡೆಯಿತು ಎಂಬ ನಂಬಿಕೆಯನ್ನು ಆ ವಯಸ್ಸಿನ ಮಗು ಯಾರಿಗೂ ಹೇಳದೆ ಒಳಗೇ ಇಟ್ಟುಕೊಳ್ಳಬಲ್ಲದು. ಹಠ ಮಾಡಿದ್ದರಿಂದ ಅಪ್ಪ ಅಮ್ಮ ಹೋದರು ಎಂದುಕೊಂಡ ಮಗು ಇನ್ನೆಂದೂ ಹಠ ಮಾಡುವುದಿಲ್ಲ, ಚಾಕೊಲೇಟನ್ನೂ ಕೇಳುವುದಿಲ್ಲ. ನನ್ನ ಊಹೆ ತಪ್ಪಿದ್ದರೂ ಈ ಮಾತನ್ನು ಅವಳೊಂದಿಗೆ ಆಡಿದ್ದರಿಂದ ನಷ್ಟವಿಲ್ಲ. ಸರಿಯಿದ್ದು ನೀವು ಆಡದೇ ಉಳಿದರೆ ಆಗುವ ನಷ್ಟ ದೊಡ್ಡದು.

ಎದುರು ಕೂರಿಸಿಕೊಂಡು ಗಂಭೀರವಾಗಿ ಹೇಳಬೇಡಿ. ಕಾರಿನಲ್ಲಿ ಪಕ್ಕದಲ್ಲಿ ಕುಳಿತಾಗಲೋ ಬಟಾಣಿ ಬಿಡಿಸುವಾಗಲೋ ಹೇಳಿ, ಕೈಗೆ ಕೆಲಸವಿದ್ದರೆ ಮಕ್ಕಳಿಗೆ ಕೇಳಿಸಿಕೊಳ್ಳುವುದು ಸುಲಭ. 'ಅವತ್ತು ನೀನು ಫೋನ್ ಮಾಡಿ ಬನ್ನಿ ಅಂದಿದ್ದು ನನಗೆ ಗೊತ್ತು. ಎಲ್ಲ ಮಕ್ಕಳೂ ಹಾಗೇ ಕರೀತಾರೆ. ನಿನ್ನ ಅಮ್ಮನೂ ಚಿಕ್ಕವಳಿದ್ದಾಗ ಕರೀತಿದ್ದಳು. ಅಪಘಾತ ಆಗಿದ್ದು ನಿನ್ನ ಫೋನಿನಿಂದ ಅಲ್ಲ' ಎಂಬಷ್ಟು ಸಾಕು. ಅವಳು ಉತ್ತರಿಸದಿದ್ದರೆ ಒತ್ತಾಯಿಸಬೇಡಿ. ಕೆಲವು ವಾರ ಬಿಟ್ಟು ಅದೇ ಮಾತನ್ನು ಮತ್ತೆ ಹೇಳಿ. 'ದೇವರು ಕರೆದುಕೊಂಡ', 'ಮಲಗಿದ್ದಾರೆ' ಎನ್ನದೆ 'ತೀರಿಕೊಂಡರು' ಎಂದೇ ಹೇಳಿ. ಮಲಗುವುದೆಂದರೆ ಸಾಯುವುದು ಎಂದು ತಿಳಿದು ನಿದ್ದೆಗೆ ಹೆದರುವ ಮಕ್ಕಳನ್ನು ನಾನು ಕಂಡಿದ್ದೇನೆ. ಹೀಗೆ ಮಾತಾಡುವಾಗ ನಿಮ್ಮ ಕಣ್ಣು ತುಂಬಿದರೆ ಅಡಗಿಸಬೇಡಿ. ಅಳದ ಮಾಮನನ್ನು ನೋಡಿ, ಈ ಮನೆಯಲ್ಲಿ ಅಮ್ಮನ ಹೆಸರು ಎತ್ತಬಾರದು ಎಂದು ಅವಳು ತೀರ್ಮಾನಿಸಿರಬಹುದು. ಅವಳ ಅಮ್ಮನ ಬಾಲ್ಯವನ್ನು ಕಣ್ಣಾರೆ ಕಂಡವರು ನೀವು. ಆ ಕಥೆಗಳನ್ನು ಹೇಳಿ.

ತಾಯಿಯ ಜಾಗ ತುಂಬುವ ಪ್ರಶ್ನೆಯನ್ನು ಬಿಟ್ಟುಬಿಡಿ, ಆ ಜಾಗ ತುಂಬುವುದಿಲ್ಲ, ಅವಳೂ ಅದನ್ನು ಕೇಳುತ್ತಿಲ್ಲ. ನಮ್ಮಲ್ಲಿ ಕಿವಿ ಚುಚ್ಚಿಸುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಸೋದರಮಾವ. ಆ ಸ್ಥಾನ ಸಣ್ಣದಲ್ಲ, ನಿಮಗೆ ಅದು ಈಗಾಗಲೇ ಇದೆ. ಅವಳಿಗೆ ಬೇಕಾಗಿರುವುದು ಬರುತ್ತೇನೆಂದು ಹೇಳಿದ ಹೊತ್ತಿಗೆ ಬರುವ ಒಬ್ಬ ಮನುಷ್ಯ. ಬರುತ್ತೇವೆ ಎಂದು ಹೊರಟವರು ಬಾರದೇ ಹೋದದ್ದನ್ನು ಕಂಡ ಮಗು ಅದು. ಆದ್ದರಿಂದ 'ಬೇಗ ಬರ್ತೀನಿ' ಎನ್ನಬೇಡಿ, 'ಎಂಟೂವರೆಗೆ ಬರ್ತೀನಿ' ಎನ್ನಿ. ತಡವಾಗುವುದಾದರೆ ಎಂಟೂಕಾಲಿಗೇ ಫೋನ್ ಮಾಡಿ ಹೊಸ ಸಮಯ ಹೇಳಿ. ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ, ವಿದೇಶದ ಕರೆಗಳಿರುವ ರಾತ್ರಿಗಳಿಗೆ ಅವಳ ಕೈಯಿಂದಲೇ ಗುರುತು ಹಾಕಿಸಿ. ರಾತ್ರಿ ಊಟದ ಒಂದು ಗಂಟೆ ಮಾತ್ರ ಯಾವ ಕಾರಣಕ್ಕೂ ಕಂಪನಿಯದಾಗಬಾರದು. ಕೆಲಸ ಬಿಡಿ ಎಂದು ನಾನು ಹೇಳುತ್ತಿಲ್ಲ. ಸಿಕ್ಕಿದಾಗ ನಾಲ್ಕು ಗಂಟೆ ಕೊಟ್ಟು ಮರುದಿನ ಮಾಯವಾಗುವುದಕ್ಕಿಂತ ದಿನವೂ ತಪ್ಪದೆ ಸಿಗುವ ಒಂದು ಗಂಟೆಯೇ ಅವಳಿಗೆ ದೊಡ್ಡದು.

ವಸತಿ ಶಾಲೆ ಈಗ ಬೇಡ. ಅಂಥ ಶಾಲೆಗಳ ಮೇಲೆ ನನಗೆ ಆಕ್ಷೇಪವಿಲ್ಲ. ನವೋದಯ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಓದಿ ಗಟ್ಟಿಯಾಗಿ ಬೆಳೆದ ಎಷ್ಟೋ ಮಕ್ಕಳಿದ್ದಾರೆ. ಆದರೆ ಅವೂ ಶುರುವಾಗುವುದು ಆರನೇ ತರಗತಿಯಿಂದ, ಅಲ್ಲಿಗೆ ಹೋಗುವ ಮಗುವಿಗೆ ರಜೆಯಲ್ಲಿ ಮರಳಲು ಒಂದು ಮನೆಯಿರುತ್ತದೆ. ಒಂದು ವರ್ಷ ತುಂಬುವುದರೊಳಗೆ ಮತ್ತೊಮ್ಮೆ ಜಾಗ ಬದಲಾದರೆ, ತಾನು ಹೆದರಿದ್ದೇ ನಿಜವಾಯಿತು ಎಂದು ಅವಳಿಗೆ ಅನ್ನಿಸದೆ ಇರದು. ಮ್ಯೂನಿಕ್‌ಗೆ ಹೋಗುವುದಾದರೆ ಅವಳೊಂದಿಗೆ ಹೋಗಿ. ಆಗದಿದ್ದರೆ ಮುಂದಕ್ಕೆ ಹಾಕಿ. ನಿಮ್ಮ ಅನುಭವಕ್ಕೆ ಅಂಥ ಅವಕಾಶ ಮತ್ತೆ ಬರುತ್ತದೆ ಎಂದು ನಾನು ನಂಬುತ್ತೇನೆ. ಯಾವುದೇ ಆದರೂ ಮೊದಲು ನೀವು ನಿರ್ಧರಿಸಿ, ಆಮೇಲಷ್ಟೇ 'ನೀನು ದೊಡ್ಡವಳಾಗುವವರೆಗೆ ನನ್ನ ಜೊತೆಗೇ ಇರ್ತೀಯ' ಎಂಬ ಮಾತನ್ನು ಸ್ಪಷ್ಟವಾಗಿ, ಬಾಯಿ ಬಿಟ್ಟು ಹೇಳಿ. ನಡೆಸಲಾಗದಿದ್ದರೆ ಆ ಮಾತು ಕೊಡಬೇಡಿ.

ಒಂಟಿತನದ ವಿಷಯ. ಕನ್ನಡ ಶಾಲೆಯಿಂದ ಬಂದ ಮಗು ಇಂಗ್ಲಿಷ್ ತರಗತಿಯಲ್ಲಿ ಪಾಠಕ್ಕಿಂತ ಮೊದಲು ಆಟವನ್ನು ಕಳೆದುಕೊಳ್ಳುತ್ತದೆ. ಮನೆಪಾಠಕ್ಕೆ ಅವಸರ ಮಾಡಬೇಡಿ. ತರಗತಿಯಲ್ಲೋ ನಿಮ್ಮ ಅಪಾರ್ಟ್‌ಮೆಂಟಿನಲ್ಲೋ ಮನೆಯಲ್ಲಿ ಕನ್ನಡ ಮಾತಾಡುವ ಒಂದೇ ಒಂದು ಮಗುವನ್ನು ಹುಡುಕಿ, ಶನಿವಾರ ಮಧ್ಯಾಹ್ನ ಮನೆಗೆ ಕರೆಯಿರಿ. ಹತ್ತು ಮಕ್ಕಳ ಹುಟ್ಟುಹಬ್ಬಕ್ಕಿಂತ ಒಂದು ಮಗುವಿನ ಜೊತೆ ಕೂತು ತಿನ್ನುವ ಮಂಡಕ್ಕಿ ಮೇಲು. ಹಾಸನದ ಆ ಅಮ್ಮ ಈ ಊರಿನಲ್ಲಿ ಅವಳಿಗೆ ಸಿಕ್ಕ ಮೊದಲ ಆಪ್ತರು. ಸದ್ಯಕ್ಕೆ ಅಡುಗೆಯವರನ್ನು ಬದಲಾಯಿಸಬೇಡಿ, ಸಾಧ್ಯವಾದರೆ ಮಗು ಶಾಲೆಯಿಂದ ಬರುವ ಹೊತ್ತಿಗೆ ಅವರು ಮನೆಯಲ್ಲಿರುವಂತೆ ಸಮಯ ಹೊಂದಿಸಿ. ವಾರಕ್ಕೊಮ್ಮೆ ಅಜ್ಜಿಯೊಂದಿಗೆ ಮಾತು, ರಜೆಯಲ್ಲಿ ಸಾಗರಕ್ಕೆ ಪ್ರಯಾಣ ತಪ್ಪಿಸಬೇಡಿ. ಅಪ್ಪ ಅಮ್ಮನ ಮನೆಗೆ ಬೀಗ ಹಾಕಿದ್ದರೆ ಅದನ್ನು ಅವಳಿಗೆ ತೋರಿಸಿ, ಅಲ್ಲಿಂದ ಏನು ತರಬೇಕೆಂದು ಅವಳೇ ಆರಿಸಲಿ. ವರ್ಷಾಬ್ದಿಕದ ದಿನ ಅವಳನ್ನು ಪಕ್ಕದ ಮನೆಗೆ ಕಳಿಸಬೇಡಿ, ಜೊತೆಯಲ್ಲಿ ಕೂರಿಸಿಕೊಳ್ಳಿ. ಇನ್ನೆರಡು ಮೂರು ವರ್ಷಗಳಲ್ಲಿ ಅವಳ ದೇಹದಲ್ಲಿ ಬದಲಾವಣೆಗಳಾಗುತ್ತವೆ. ನೀವೂ ತಿಳಿದಿರಿ, ಅವಳು ಸಂಕೋಚವಿಲ್ಲದೆ ಕೇಳಬಹುದಾದ ಒಬ್ಬ ಹೆಂಗಸಿನ ಪರಿಚಯವನ್ನು ಈಗಿನಿಂದಲೇ ಬೆಳೆಸಿ.

ಕಾನೂನಿನ ಕೆಲಸವನ್ನು ಮುಂದೂಡಬೇಡಿ. ಮಗು ನಿಮ್ಮ ಮನೆಯಲ್ಲಿದೆ ಎಂದ ಮಾತ್ರಕ್ಕೆ ನೀವು ಪೋಷಕರಾಗುವುದಿಲ್ಲ; 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯ ಪ್ರಕಾರ ಸೋದರಮಾವ ಸಹಜ ಪೋಷಕನಲ್ಲ, ಮಗುವಿನ ಆಸ್ತಿಯ ವ್ಯವಹಾರ ಮಾಡುವ ಅಧಿಕಾರವೂ ಅವನಿಗಿಲ್ಲ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಮಗು ವಾಸವಿರುವ ಊರಿನ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಪರಿಗಣಿಸುತ್ತದೆ. ಅಜ್ಜಿಯ ಒಪ್ಪಿಗೆ ಜೊತೆಗಿದ್ದರೆ ಒಳ್ಳೆಯದು. ಭಾವ ಉಯಿಲು ಬರೆಯದಿದ್ದರೆ ಅವರ ಆಸ್ತಿಯಲ್ಲಿ ಮಗಳಂತೆ ಅವರ ತಾಯಿಗೂ, ಅಂದರೆ ಆ ಅಜ್ಜಿಗೂ, ಸಮಪಾಲು ಇದೆ ಎಂಬುದು ನೆನಪಿರಲಿ. ವಿದೇಶಕ್ಕೆ ಕರೆದೊಯ್ಯಲು ಪಾಸ್‌ಪೋರ್ಟು, ವೀಸಾ ಕೇಳುವಾಗಲೂ ನಿಮ್ಮನ್ನು ಪೋಷಕರೆಂದು ನೇಮಿಸಿದ ನ್ಯಾಯಾಲಯದ ಆದೇಶ ಬೇಕಾಗುತ್ತದೆ. ಅಪಘಾತ ಪರಿಹಾರದ ಅರ್ಜಿ ಇನ್ನೂ ಹಾಕಿಲ್ಲದಿದ್ದರೆ ಈ ವಾರವೇ ವಕೀಲರನ್ನು ಕಾಣಿ, ಅದಕ್ಕೆ ಕಾಲಮಿತಿಯ ಪ್ರಶ್ನೆಯಿದೆ. ಭಾವನೋ ಅಕ್ಕನೋ ಭವಿಷ್ಯನಿಧಿಯ 1995ರ ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ ಅನಾಥ ಮಗುವಿಗೆ 25 ವರ್ಷ ತುಂಬುವವರೆಗೆ ಪಿಂಚಣಿಗೆ ಅವಕಾಶವಿದೆ. ಮಗುವಿನ ಹಣದ ಪ್ರತಿಯೊಂದು ಲೆಕ್ಕವನ್ನೂ ಬೇರೆ ಖಾತೆಯಲ್ಲಿ ಬರೆದಿಡಿ.

ಊಟ ಇಳಿದು ತೂಕ ಕಡಿಮೆಯಾದರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ವಾರಗಟ್ಟಲೆ ಹೊಟ್ಟೆನೋವೆಂದು ಶಾಲೆ ತಪ್ಪಿಸಿದರೆ ತಜ್ಞರಿಗೆ ತೋರಿಸಿ. 'ಅಮ್ಮನ ಹತ್ತಿರ ಹೋಗ್ತೀನಿ' ಎಂದರೆ ಅದೇ ದಿನ ತೋರಿಸಿ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಪ್ರತ್ಯೇಕ ವಿಭಾಗವಿದೆ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆ ನಿಮಗಾಗಿಯೂ ಇದೆ.

ಇನ್ನು ಅಕ್ಕನ ಮೊಬೈಲು. ಅದನ್ನು ಅವಳಿಂದ ತೆಗೆದುಕೊಳ್ಳಬೇಡಿ, ಚಾರ್ಜಿಗೆ ಹಾಕಬೇಡ ಎನ್ನಲೂ ಬೇಡಿ. ಬಹಳ ದಿನ ರೀಚಾರ್ಜ್ ಆಗದ ಪ್ರಿಪೇಯ್ಡ್ ಸಂಖ್ಯೆ ಬೇರೆಯವರ ಪಾಲಾಗುತ್ತದೆ, ಮುಂದೊಂದು ದಿನ ಅವಳು ಆ ನಂಬರಿಗೆ ಕರೆಮಾಡಿದರೆ ಅಪರಿಚಿತರು ಎತ್ತುತ್ತಾರೆ. ಇವತ್ತೇ ರೀಚಾರ್ಜ್ ಮಾಡಿಸಿ, ಸಂಖ್ಯೆಯನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಲು ಏನು ಬೇಕೆಂದು ಮಳಿಗೆಯಲ್ಲಿ ವಿಚಾರಿಸಿ. ಅದರಲ್ಲಿರುವ ಫೋಟೊಗಳನ್ನೂ ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶಗಳನ್ನೂ ಎರಡು ಕಡೆ ಪ್ರತಿ ಮಾಡಿಡಿ. ಅವಳಿಗೆ ಹೇಳಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಯಾವ ಧ್ವನಿಯನ್ನು ಮೊದಲು ಕೇಳಬೇಕು, ಅಥವಾ ಈಗ ಯಾವುದೂ ಬೇಡವೇ ಎಂಬುದನ್ನು ಅವಳೇ ಹೇಳಲಿ.