ಬೇರೆ ಬಗೆಯ ಬೋಲ್ಟ್ ಹಾಕಿದರೆ ಅಳೆದು ನೋಡಿ

ಪ್ರಶ್ನೆ: ಸರ್, ಬೇರಿಂಗ್ ಬದಲಿಸಲೆಂದು ನನ್ನ ಕಾರಿನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಬಿಚ್ಚಿದ್ದೇನೆ. ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೋಲ್ಟ್‌ಗಳು ನೋಡಲು ಹೊಸದರ ಹಾಗೇ ಇವೆ. ಒಬ್ಬ ಮೆಕ್ಯಾನಿಕ್ ‘ಅವನ್ನೇ ಹಾಕಿ, ಏನೂ ಆಗಲ್ಲ’ ಎನ್ನುತ್ತಾರೆ. ಇನ್ನೊಬ್ಬರು ‘ರೇಸಿಂಗ್ ಬೋಲ್ಟ್ ಹಾಕಿಬಿಡಿ, ಎಂಜಿನ್ ಗಟ್ಟಿಯಾಗುತ್ತೆ’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಬೇಡ. ಕಂಪನಿ ಕೊಟ್ಟಿದ್ದ ನಮೂನೆಯದೇ ಹೊಸ ಬೋಲ್ಟ್ ತಂದು ಹಾಕಿ. ಎಂಜಿನ್ ಬಿಚ್ಚುವ ಖರ್ಚಿನ ಮುಂದೆ ಎಂಟು ಬೋಲ್ಟ್‌ಗಳದ್ದು ಲೆಕ್ಕಕ್ಕೇ ಬಾರದು.

ಈ ಬೋಲ್ಟ್ ಪಡುವ ಪಾಡು ಹೊರಗಿನಿಂದ ಕಾಣುವುದಿಲ್ಲ. ಪೆಟ್ರೋಲ್ ಉರಿದಾಗ ಪಿಸ್ಟನ್ ರಾಡನ್ನು ಕೆಳಕ್ಕೆ ಒತ್ತುತ್ತದೆ, ಆಗ ಬೋಲ್ಟಿಗೆ ಅಷ್ಟು ಕೆಲಸವಿಲ್ಲ. ಕಷ್ಟ ಬರುವುದು ಹೊಗೆ ಹೊರಹಾಕುವ ಸ್ಟ್ರೋಕಿನ ಕೊನೆಯಲ್ಲಿ. ಮೇಲೇರಿದ ಪಿಸ್ಟನ್ನನ್ನು ತಡೆಯಲು ಸಿಲಿಂಡರಿನಲ್ಲಿ ಆಗ ಒತ್ತಡವೇ ಇರುವುದಿಲ್ಲ, ಅದನ್ನು ಹಿಡಿದು ಕೆಳಗೆಳೆಯುವ ಭಾರವೆಲ್ಲ ಎರಡು ಬೋಲ್ಟ್‌ಗಳ ಮೇಲೆ. 86 ಮಿ.ಮೀ. ಸ್ಟ್ರೋಕ್ ಇದ್ದು, ಪಿಸ್ಟನ್, ಪಿನ್ನು ಮತ್ತು ರಾಡಿನ ಮೇಲ್ಭಾಗ ಸೇರಿ ಅರ್ಧ ಕಿಲೋ ತೂಗಿದರೆ, 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ಆ ಎಳೆತ ಸುಮಾರು 1,100 ಕಿಲೋ ಭಾರಕ್ಕೆ ಸಮ. ಅದೂ ಎರಡು ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ 50 ಸಲ. 7000ಕ್ಕೆ ಹೋದರೆ 1,500 ಕಿಲೋ ಆಗುತ್ತದೆ, ಏಕೆಂದರೆ ಎಳೆತ ಏರುವುದು ವೇಗದ ವರ್ಗಕ್ಕೆ ತಕ್ಕಂತೆ.

ಬೋಲ್ಟ್ ಇದನ್ನು ತಾಳುವುದು ಸ್ಪ್ರಿಂಗಿನ ಹಾಗೆ. ಬಿಗಿ ಮಾಡಿದಾಗ ಅದು ಕೂದಲೆಳೆಯಷ್ಟು ಉದ್ದವಾಗಿ, ರಾಡಿನ ಕೆಳತುದಿಯ ಅರ್ಧ ಬಳೆಯಾದ ಕ್ಯಾಪನ್ನು ರಾಡಿಗೆ ಒತ್ತಿ ಹಿಡಿಯುತ್ತದೆ. ಈ ಹಿಡಿತ ಪಿಸ್ಟನ್ನಿನ ಎಳೆತಕ್ಕಿಂತ ಜಾಸ್ತಿ ಇರುವ ತನಕ ಬೋಲ್ಟಿಗೆ ಏರಿಳಿತದ ಅರಿವೇ ಹೆಚ್ಚು ಆಗುವುದಿಲ್ಲ. ಹಿಡಿತ ಕಮ್ಮಿಯಾಯಿತೋ, ಆ ಎಳೆತ ಬಂದಾಗಲೆಲ್ಲ ಕ್ಯಾಪ್ ಒಂದಿಷ್ಟು ಬಾಯಿ ಬಿಡುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಹೇಗೆ ಕಡಿಯುತ್ತದೋ ಹಾಗೆ ಬೋಲ್ಟ್ ಕಡಿಯುತ್ತದೆ, ರಾಡ್ ಎಂಜಿನ್ನಿನ ಮೈಯನ್ನೇ (ಬ್ಲಾಕ್) ಒಡೆದು ಹೊರಗೆ ಬರುತ್ತದೆ.

ಈಗಿನ ಬಹಳಷ್ಟು ಎಂಜಿನ್‌ಗಳಲ್ಲಿ ಮೊದಲು ಒಂದು ಟಾರ್ಕ್ (ಬಿಗಿಯುವಾಗ ತಿರುಗಿಸುವ ಬಲ), ಆಮೇಲೆ 90 ಡಿಗ್ರಿಯೋ ಇನ್ನೆಷ್ಟೋ ತಿರುಗಿಸಿ ಎಂದು ಮ್ಯಾನುಯಲ್ ಹೇಳುತ್ತದೆ. ಇಂಥವುಗಳಲ್ಲಿ ಅನೇಕ ಬೋಲ್ಟ್‌ಗಳು ಒಮ್ಮೆ ಬಿಗಿಯಾದರೆ ಪೂರ್ತಿ ಹಿಂದಿನ ಉದ್ದಕ್ಕೆ ಬರುವುದಿಲ್ಲ. ನಿಮ್ಮ ಮ್ಯಾನುಯಲ್‌ನಲ್ಲಿ ‘ಮತ್ತೆ ಬಳಸಬೇಡಿ’ ಎಂದಿದ್ದರೆ ಚರ್ಚೆಯೇ ಬೇಡ. ‘ಹೊಸದರ ಹಾಗೇ ಇವೆ’ ಎಂದಿರಲ್ಲ, ಒಂದನ್ನು ಹೊಸ ಬೋಲ್ಟಿನ ಪಕ್ಕ ತಲೆಗೆ ತಲೆ ಸೇರಿಸಿ ಬೆಳಕಿಗೆ ಹಿಡಿದು ನೋಡಿ. ನಟ್ ಇರುವ ಬಗೆಯದಾದರೆ ಬೆರಳಲ್ಲೇ ನಟ್ಟನ್ನು ಕೊನೆತನಕ ಇಳಿಸಿ. ಸಲೀಸಾಗಿ ಇಳಿಯುತ್ತ ಬಂದದ್ದು ಒಂದು ಕಡೆ ಗಕ್ಕನೆ ಹಿಡಿದುಕೊಂಡರೆ, ಅಲ್ಲಿ ಬೋಲ್ಟ್ ಹಿಗ್ಗಿ ಎಳೆಗಳ (ಥ್ರೆಡ್‌ಗಳ) ಅಂತರ ಬದಲಾಗಿರುವುದು ಖಚಿತವೆಂದೇ ನಾನು ಎಣಿಸುತ್ತೇನೆ. ಕಣ್ಣಿಗೆ ಕಾಣದ್ದು ಎಷ್ಟೋ ಸಲ ಬೆರಳಿಗೆ ಸಿಕ್ಕಿದೆ.

ರೇಸಿಂಗ್ ಬೋಲ್ಟಿನ ವಿಷಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದು ಎಂಜಿನ್ನಿಗೆ ಗಟ್ಟಿ ಬೋಲ್ಟ್ ಹಾಕಿ, ಒಳ್ಳೆಯ ಕೆಲಸ ಮಾಡಿದೆನೆಂದು ಖುಷಿಪಟ್ಟಿದ್ದೆ. ಸಾವಿರ ಕಿಲೋಮೀಟರ್ ಓಡುವುದರೊಳಗೆ ಆ ಗಾಡಿ ತಳದಲ್ಲಿ ಟಕಟಕ ಎನ್ನುತ್ತ ವಾಪಸ್ ಬಂತು. ಬಿಚ್ಚಿದರೆ ಬೋಲ್ಟ್ ಗಟ್ಟಿಮುಟ್ಟಾಗಿದೆ, ರಾಡಿನೊಳಗೆ ಕೂರುವ ತೆಳು ಬೇರಿಂಗ್ ಶೆಲ್ಲಿನ ನಟ್ಟನಡುವೆ ಮಾತ್ರ ಮೇಲಿನ ಪದರ ಸವೆದು ತಾಮ್ರ ಕಾಣುತ್ತಿದೆ. ಶೆಲ್ ತೆಗೆದು, ಕ್ಯಾಪ್ ಬಿಗಿದು ತೂತಿನ ವ್ಯಾಸ ಅಳೆಯುವ ಬೋರ್ ಗೇಜ್ ಇಳಿಸಿದೆ. ಬಿಗ್ ಎಂಡ್‌ನ (ರಾಡಿನ ಕೆಳತುದಿಯ ದೊಡ್ಡ ತೂತು) ಮೇಲೆ ಕೆಳಗಿನ ಅಳತೆ ಅಡ್ಡ ಅಳತೆಗಿಂತ 0.03 ಮಿ.ಮೀ. ಕಡಿಮೆ ಬಂತು. ಎಣ್ಣೆಗೆಂದು ಅಲ್ಲಿ ಇದ್ದ ಜಾಗವೇ 0.04. ಗಟ್ಟಿ ಬೋಲ್ಟ್ ಹೆಚ್ಚು ಬಲದಿಂದ ಒತ್ತಿ ವೃತ್ತವನ್ನೇ ಚಪ್ಪಟೆ ಮಾಡಿತ್ತು. ಅಳೆಯದೆ ಕಟ್ಟಿದ್ದು ನನ್ನ ತಪ್ಪು, ಆ ಗಾಡಿಯವರ ಮುಖ ಇವತ್ತಿಗೂ ನೆನಪಾಗುತ್ತದೆ.

ಹಾಗಾಗಿ ಬೇರೆ ಬಗೆಯ ಬೋಲ್ಟ್ ಹಾಕಿದರೆ ಅದನ್ನೇ ಬಿಗಿದು ಬೋರ್ ಅಳೆಯಬೇಕು, ಅಳತೆ ತಪ್ಪಿದ್ದರೆ ಹೋನಿಂಗ್ (ಕಲ್ಲಿನಿಂದ ಉಜ್ಜಿ ತೂತನ್ನು ದುಂಡಗೆ ಸರಿಪಡಿಸುವುದು) ಮಾಡಿಸಲೇಬೇಕು. ಎಂಜಿನ್ನಿನ ಗರಿಷ್ಠ ವೇಗ ಹೆಚ್ಚಿಸುವ ಯೋಚನೆ ಇಲ್ಲದಿದ್ದರೆ ಈ ಖಟಪಟಿ ಯಾಕೆ?

ಬಿಗಿಯುವಾಗ ಅವಸರ ಬೇಡ. ನೀವು ಹಾಕುವ ಟಾರ್ಕಿನಲ್ಲಿ ಅರ್ಧದಷ್ಟು ತಲೆಯ ಅಡಿಯ ಉಜ್ಜಾಟಕ್ಕೆ, ಹೆಚ್ಚುಕಡಿಮೆ ಶೇ. 40 ಎಳೆಗಳ ಉಜ್ಜಾಟಕ್ಕೆ ಹೋಗುತ್ತದೆ. ಬೋಲ್ಟ್ ಎಳೆಯಲು ಉಳಿಯುವುದು ಶೇ. 10 ಅಷ್ಟೇ. ಆದ್ದರಿಂದ ಮ್ಯಾನುಯಲ್ ಎಂಜಿನ್ ಆಯಿಲ್ ಹಚ್ಚಿ ಎಂದರೆ ಆಯಿಲ್ಲೇ ಹಚ್ಚಿ. ಅದೇ ಅಂಕಿಗೆ ಮಾಲಿ ಗ್ರೀಸ್ (ಮಾಲಿಬ್ಡಿನಮ್ ಸೇರಿದ, ಹೆಚ್ಚು ಜಾರುವ ಗ್ರೀಸ್) ಹಚ್ಚಿ ಬಿಗಿದರೆ ಬೋಲ್ಟ್ ಮಿತಿ ಮೀರಿ ಹಿಗ್ಗುತ್ತದೆ. ಎಳೆಗಳಿಗೆ ಅಂಟು ಹಾಕಬೇಡಿ. ಕ್ಯಾಪ್‌ಗಳು ಅದಲು ಬದಲಾಗದಂತೆ ನಂಬರ್ ನೋಡಿಕೊಳ್ಳಿ. ಕ್ಯಾಪನ್ನು ಕೊಯ್ಯದೆ ಒಡೆದು ಬೇರ್ಪಡಿಸಿದ ನಮೂನೆಯ ರಾಡ್ ಆದರೆ ಒಂದರ ಕ್ಯಾಪ್ ಇನ್ನೊಂದಕ್ಕೆ ಕೂರುವುದೇ ಇಲ್ಲ.

ಇನ್ನೊಂದು, ಹಳೆ ಬೋಲ್ಟ್‌ಗಳನ್ನು ಈಗಲೇ ಎಸೆಯಬೇಡಿ. ಹೊಸವು ಅದೇ ನಮೂನೆಯವಾದ್ದರಿಂದ, ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಅಂತರ ತೋರಿಸುವ ಮೆದು ದಾರ) ಇಟ್ಟು ಬೇರಿಂಗ್ ಅಂತರ ನೋಡುವಾಗ ಹಳೆಯವನ್ನೇ ಬಿಗಿದು ಬಿಚ್ಚಿ. ಅಳತೆ ಸರಿ ಬಂದ ಮೇಲೆ, ಕೊನೆಯ ಜೋಡಣೆಗೆ ಮಾತ್ರ ಹೊಸದನ್ನು ಪೊಟ್ಟಣದಿಂದ ತೆಗೆಯಿರಿ.