ವೈದ್ಯಕೀಯ ಉಪಕರಣ ಕಂಪನಿಯಲ್ಲಿ ಇಂಟರ್ನ್‌ಶಿಪ್: ಹೋಗುವ ಮೊದಲು ಏನು ಕಲಿತಿರಬೇಕು?

ನೀವು ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದಲ್ಲಿದ್ದೀರಿ, ಪೇಷಂಟ್ ಮಾನಿಟರ್ (ರೋಗಿಯ ಹೃದಯ ಬಡಿತ ಮುಂತಾದವನ್ನು ತೆರೆಯ ಮೇಲೆ ತೋರಿಸುವ ಉಪಕರಣ) ತಯಾರಿಸುವ ಕಂಪನಿಯೊಂದರಲ್ಲಿ ಮುಂದಿನ ತಿಂಗಳು ಇಂಟರ್ನ್‌ಶಿಪ್ ಆರಂಭವಾಗಲಿದೆ, ವೈದ್ಯಕೀಯ ವಿಷಯ ಏನೂ ತಿಳಿಯದು, ಅಷ್ಟರೊಳಗೆ ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳಿದ್ದೀರಿ. ನಾನೂ ತುಮಕೂರಿನಲ್ಲೇ ಓದಿ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಇಂಥದೇ ಒಂದು ಸಣ್ಣ ಕಂಪನಿಯಲ್ಲಿ ಆರು ತಿಂಗಳು ಇಂಟರ್ನ್ ಆಗಿದ್ದವನು. ಸಾಫ್ಟ್‌ವೇರನ್ನು ಅಲ್ಲಿಗೆ ಹೋದ ಮೇಲೆ ಅವರೇ ಕಲಿಸುತ್ತಾರೆ. ಮಾಡಿದ ಕೆಲಸವನ್ನು ಮಾಡಿದಾಗಲೇ ಬರೆದಿಡುವ ಅಭ್ಯಾಸವನ್ನು ಮಾತ್ರ ಈಗಿನಿಂದಲೇ ಮಾಡಿಕೊಳ್ಳಿ.

ನನಗೂ ಮೊದಲು ಇದು ಗುಮಾಸ್ತಿಕೆಯಂತೆಯೇ ಕಂಡಿತ್ತು. ಎದೆಗೆ ಅಂಟಿಸಿದ ಎಲೆಕ್ಟ್ರೋಡ್‌ನಿಂದ ಸಿಗುವ ಇಸಿಜಿ ಸಂಕೇತ ಸುಮಾರು ಒಂದು ಮಿಲಿವೋಲ್ಟ್ ಮಾತ್ರ; ಗೋಡೆಯ ಸಾಕೆಟ್‌ನಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ದೊಡ್ಡದು ಚಿಕ್ಕದರೊಳಗೆ ನುಸುಳದಂತೆ ನೋಡಿಕೊಳ್ಳುವುದೇ ಈ ಉಪಕರಣದಲ್ಲಿ ಅರ್ಧ ಕೆಲಸ. ನನ್ನ ಮೇಜಿನ ಮೇಲಿದ್ದ ಒಂದು ಮಾನಿಟರ್‌ನಲ್ಲಿ ಇಸಿಜಿ ಗೆರೆ ಗರಗಸದ ಹಲ್ಲಿನಂತೆ ನಡುಗುತ್ತಿತ್ತು. ಬೋರ್ಡ್ ಬಿಚ್ಚಿದೆ, ಫಿಲ್ಟರ್‌ನ ಕೆಪಾಸಿಟರ್ ಬದಲಿಸಿದೆ, ಕೇಬಲ್‌ಗಳನ್ನು ಬಿಡಿಸಿ ಬೇರೆ ಕಡೆ ಹಾಕಿದೆ, ಎಲ್ಲವೂ ಒಂದೇ ಮಧ್ಯಾಹ್ನ. ಗೆರೆ ನೆಟ್ಟಗಾಯಿತು. ಟೆಸ್ಟ್ ಶೀಟ್‌ನಲ್ಲಿ "ಸರಿಪಡಿಸಲಾಗಿದೆ" ಎಂದು ಬರೆದು ಸಹಿ ಹಾಕಿದೆ.

ಮರುವಾರ ಕ್ವಾಲಿಟಿ ವಿಭಾಗದ ಮೇಡಂ ಆ ಹಾಳೆ ಹಿಡಿದು ಬಂದು, "ಏನನ್ನು ಸರಿಪಡಿಸಿದಿರಿ?" ಎಂದು ಕೇಳಿದರು. ಉತ್ತರಿಸಲು ನನ್ನಿಂದ ಆಗಲಿಲ್ಲ. ಆ ಮಾನಿಟರ್ ಮತ್ತೆ ಮೊದಲಿನಿಂದ ಎಲ್ಲ ಪರೀಕ್ಷೆಗಳಿಗೂ ಹೋಯಿತು. ಹಳೆಯ ಕೆಪಾಸಿಟರನ್ನೇ ಮರಳಿ ಹಾಕಿದರೂ ಗೆರೆ ನೆಟ್ಟಗೇ ಇತ್ತು. ಎಲೆಕ್ಟ್ರೋಡ್‌ಗಳಿಂದ ಮಾನಿಟರ್‌ಗೆ ಬರುವ ಲೀಡ್ ಕೇಬಲ್ ಪವರ್ ಕಾರ್ಡ್‌ಗೆ ಸುತ್ತಿಕೊಂಡು ಬಿದ್ದಿದ್ದೇ ಅಷ್ಟಕ್ಕೂ ಕಾರಣವಾಗಿತ್ತು.

ಅಂದೇ ಅವರು ಹೇಳಿಕೊಟ್ಟ ಕ್ರಮ ಇದು: ವೈಟ್ನರ್ ಮುಟ್ಟುವಂತಿಲ್ಲ, ಅಂಕಿಯ ಮೇಲೆ ಅಂಕಿ ತಿದ್ದುವಂತಿಲ್ಲ, ತಪ್ಪಾದದ್ದು ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕಬೇಕು. ಕಾಲೇಜಿನ ಲ್ಯಾಬ್‌ನಲ್ಲಿ ಗ್ರಾಫ್ ಚೆನ್ನಾಗಿ ಬರಲೆಂದು ರೀಡಿಂಗ್‌ಗಳನ್ನು "ಹೊಂದಿಸಿ" ಬರೆದವರೇ ನಾವೆಲ್ಲ. ಕಂಪನಿಯಲ್ಲಿ ಆ ಚಾಳಿ ನಡೆಯುವುದಿಲ್ಲ. ಬೋರ್ಡ್ ಸುಟ್ಟರೆ ಕ್ಷಮೆಯುಂಟು, ಹೊಂದಿಸಿದ ರೀಡಿಂಗ್‌ಗೆ ಇಲ್ಲ.

ಓದಿಕೊಳ್ಳಲೇಬೇಕೆಂದರೆ ಸ್ವಲ್ಪವೇ ಓದಿ. ನಮ್ಮ ದೇಶದ ವೈದ್ಯಕೀಯ ಸಾಧನಗಳ ನಿಯಮಗಳು, 2017 ಇವು ಅಪಾಯದ ಪ್ರಮಾಣಕ್ಕೆ ತಕ್ಕಂತೆ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡುತ್ತವೆ. ನಿಮ್ಮ ಕಂಪನಿಯ ಉಪಕರಣ ಯಾವ ವರ್ಗದಲ್ಲಿದೆ ಎಂದು ಮೊದಲ ದಿನವೇ ಕೇಳಿ. ಐಎಸ್‌ಒ 13485 ಗುಣಮಟ್ಟ ವ್ಯವಸ್ಥೆಯ ಅಂತರರಾಷ್ಟ್ರೀಯ ಮಾನದಂಡ, ಐಎಸ್‌ಒ 14971 ಅಪಾಯ ನಿರ್ವಹಣೆಯದು. ಇವುಗಳ ಹೆಸರು ಗೊತ್ತಿದ್ದರೆ ಸದ್ಯಕ್ಕೆ ಸಾಕು. ವಿದ್ಯುತ್ ಸುರಕ್ಷತೆಯ ಮಾನದಂಡವಾದ ಐಇಸಿ 60601-1 ಮಾತ್ರ ಎಲೆಕ್ಟ್ರಾನಿಕ್ಸ್‌ನವರಿಗೆ ನಿಜವಾಗಿಯೂ ರುಚಿಸುವಂಥದ್ದು. ಇಸಿಜಿ ಸಾಕೆಟ್‌ನ ಪಕ್ಕದಲ್ಲಿ ಚೌಕದೊಳಗೆ ಪುಟ್ಟ ಹೃದಯದ ಚಿತ್ರವಿದ್ದರೆ, ಆ ಭಾಗದ ಮೂಲಕ ರೋಗಿಯ ದೇಹಕ್ಕೆ ಸೋರುವ ವಿದ್ಯುತ್ತು ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರ್ ಮೀರಕೂಡದು. ಚೌಕದೊಳಗೆ ಮನುಷ್ಯನ ಚಿತ್ರವಿದ್ದರೆ ಆ ಮಿತಿ 100. ಹೃದಯಕ್ಕೆ ನೇರವಾಗಿ ತಾಗುವ ಸಂಪರ್ಕದಲ್ಲಿ ಅತ್ಯಲ್ಪ ವಿದ್ಯುತ್ತೂ ಬಡಿತವನ್ನು ಕೆಡಿಸಬಲ್ಲದು ಎಂಬುದೇ ಈ ಹತ್ತು ಪಟ್ಟು ಅಂತರಕ್ಕೆ ಕಾರಣ.

ಇನ್ನೊಂದು ಕೆಲಸವನ್ನು ಹೋಗುವ ಮೊದಲೇ ಮಾಡಬಹುದು. ಪರಿಚಯದವರ ಮೂಲಕ ಅನುಮತಿ ಪಡೆದು, ಯಾವುದಾದರೂ ಆಸ್ಪತ್ರೆಯ ವಾರ್ಡ್‌ನಲ್ಲಿ ಮಾನಿಟರ್ ಬಳಸುವುದನ್ನು ಅರ್ಧ ಗಂಟೆ ನೋಡಿ ಬನ್ನಿ. ನಾನು ಹೋದದ್ದು ಇಂಟರ್ನ್‌ಶಿಪ್‌ನ ನಾಲ್ಕನೆಯ ತಿಂಗಳಲ್ಲಿ, ಅದು ತಡವಾಯಿತು. ನಾವು ಮೇಜಿನ ಮೇಲೆ ನೆಟ್ಟಗೆ ಚಾಚಿ ಪರೀಕ್ಷಿಸುತ್ತಿದ್ದ ಕೇಬಲನ್ನು ಅಲ್ಲಿ ಸಿಸ್ಟರ್‌ಗಳು ಸ್ಟ್ಯಾಂಡ್‌ಗೆ ಬಿಗಿಯಾಗಿ ಸುತ್ತಿಡುತ್ತಿದ್ದರು. ಪ್ಲಗ್‌ನ ಕುತ್ತಿಗೆಯ ಬಳಿ ಅದು ಬಿರುಕು ಬಿಟ್ಟಲ್ಲಿ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದ್ದರು. ಮರುದಿನ ಡಿಸೈನ್ ವಿಭಾಗದಲ್ಲಿ ಉತ್ಸಾಹದಿಂದ ಇದನ್ನು ಹೇಳಿದೆ. ಎಷ್ಟು ಕೇಬಲ್ ನೋಡಿದಿರಿ, ಎಷ್ಟಕ್ಕೆ ಪ್ಲಾಸ್ಟರ್ ಇತ್ತು ಎಂದು ಅಲ್ಲಿನ ಹಿರಿಯರು ಕೇಳಿದರು. ನಾನು ಎಣಿಸಿರಲಿಲ್ಲ. ನೀವು ಹೋದಾಗ ಎಣಿಸಿ ಬರೆದುಕೊಂಡು ಬನ್ನಿ.